ರೂಟ್ ಕೆನಾಲ್: ಬದಿಯಡ್ಕದ ಬೆಂಚಿನ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನಮ್ಮ ದಂತ ಕ್ಲಿನಿಕ್ಕಿನ ಹೊರಗೆ ಒಂದು ಉದ್ದನೆಯ ಬೆಂಚಿದೆ. ಪೆರ್ಲ, ನೀರ್ಚಾಲು, ಮುಳ್ಳೇರಿಯ, ಕುಂಬಳೆ ಕಡೆಯಿಂದ ಬಸ್ಸಿಳಿದು ಬಂದವರು ಅದರ ಮೇಲೆ ಕೆನ್ನೆಗೆ ಕೈ ಕೊಟ್ಟು ಕುಳಿತಿರುತ್ತಾರೆ. ರೂಟ್ ಕೆನಾಲ್ ಬಗೆಗಿನ ಅರ್ಧ ಪಾಠ ಅಲ್ಲೇ ನಡೆದುಹೋಗುತ್ತದೆ. ‘ನನ್ನ ಭಾವನಿಗೆ ಮಾಡಿಸಿದ್ದು ಎರಡೇ ವರ್ಷದಲ್ಲಿ ತುಂಡಾಯಿತು’ ಎಂದು ಒಬ್ಬರು, ‘ಮೇಲಿನ ಹಲ್ಲನ್ನು ಮುಟ್ಟಿಸಬೇಡಿ, ಕಣ್ಣಿಗೆ ತೊಂದರೆ’ ಎಂದು ಇನ್ನೊಬ್ಬರು. ಒಳಗೆ ಬರುವ ಹೊತ್ತಿಗೆ ರೋಗಿಗೆ ನೋವಿಗಿಂತ ಹೆದರಿಕೆಯೇ ದೊಡ್ಡದಾಗಿರುತ್ತದೆ. ಇಪ್ಪತ್ತು ವರ್ಷಗಳಿಂದ ಬಾಯಿಮಾತಿನಲ್ಲಿ ಹೇಳುತ್ತ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ರೂಟ್ ಕೆನಾಲ್ ಎಂದರೆ ಬೇರನ್ನು ಕಿತ್ತು ತೆಗೆಯುವುದೇ?

ಇಲ್ಲ. ಬೇರು ಇದ್ದಲ್ಲೇ ಇರುತ್ತದೆ. ಬೇರಿನೊಳಗಿನ ಸಣ್ಣ ನಾಳವನ್ನು ಮಾತ್ರ ಖಾಲಿ ಮಾಡಿ, ತೊಳೆದು, ಮತ್ತೆ ತುಂಬಿ ಮುಚ್ಚುತ್ತೇವೆ.

ಹಲ್ಲು ಕಲ್ಲಿನಂತೆ ಕಂಡರೂ ಒಳಗೆ ಟೊಳ್ಳು. ಹೊರಪದರ ಎನಾಮಲ್, ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಅದರ ಒಳಗೆ ತುಸು ಮೃದುವಾದ ಡೆಂಟಿನ್. ನಟ್ಟನಡುವೆ ನರ, ರಕ್ತನಾಳಗಳಿರುವ ತಿರುಳು. ಈ ತಿರುಳು ಬೇರಿನ ತುದಿಯ ಸೂಜಿಮೊನೆಯಷ್ಟು ರಂಧ್ರದ ಮೂಲಕ ದವಡೆಯ ನರ ಮತ್ತು ರಕ್ತನಾಳಗಳನ್ನು ಸೇರುತ್ತದೆ. ಹುಳುಕು ಕೊರೆಯುತ್ತ ತಿರುಳನ್ನು ಮುಟ್ಟಿದಾಗ ಅದು ಊದಿಕೊಳ್ಳುತ್ತದೆ. ಬೆರಳಿಗೆ ಮುಳ್ಳು ಚುಚ್ಚಿ ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ಹಲ್ಲಿನ ಗೋಡೆ ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ. ಒತ್ತಡವೆಲ್ಲ ನರದ ಮೇಲೆಯೇ ಬೀಳುತ್ತದೆ. ಅಷ್ಟು ಸಣ್ಣ ವಸ್ತು ಅಷ್ಟು ದೊಡ್ಡ ಮನುಷ್ಯನನ್ನು ಅಳಿಸುವುದು ಇದರಿಂದಲೇ.

ಹಗಲಿಡೀ ಸುಮ್ಮನಿದ್ದ ಹಲ್ಲು ರಾತ್ರಿ ಮಲಗಿದ ಕೂಡಲೇ ಏಕೆ ಬಡಿದುಕೊಳ್ಳುತ್ತದೆ?

ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಏರುತ್ತದೆ, ಊದಿದ ತಿರುಳಿನೊಳಗೂ ಏರುತ್ತದೆ. ಎರಡು ದಿಂಬಿಟ್ಟು ತಲೆ ಎತ್ತರಿಸಿದರೆ ಸ್ವಲ್ಪ ಹಗುರಾಗುವುದು ಅದಕ್ಕೇ. ತಣ್ಣನೆಯ ನೀರು ತಾಗಿದಾಗ ಒಮ್ಮೆ ಜುಮ್ಮೆಂದು ಕೂಡಲೇ ಹೋದರೆ ತಿರುಳು ಇನ್ನೂ ಚೇತರಿಸಿಕೊಳ್ಳಬಹುದು. ಬಿಸಿ ಚಹಾ ಕುಡಿದು ಹತ್ತು ನಿಮಿಷವಾದರೂ ನೋವು ಇಳಿಯದಿದ್ದರೆ, ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಆ ತಿರುಳು ಮರಳುವ ಸ್ಥಿತಿಯನ್ನು ದಾಟಿದೆ ಎಂದೇ ಹೆಚ್ಚಾಗಿ ಅರ್ಥ.

ಇನ್ನೂ ಮುಂದೆ ಹೋದ ಕೆಲವರಿಗೆ ತಣ್ಣೀರೇ ಔಷಧಿಯಾಗುತ್ತದೆ. ಜೂನ್ ತಿಂಗಳ ಜಡಿಮಳೆಯಲ್ಲಿ ಒಬ್ಬರು ಐಸ್ ನೀರಿನ ಬಾಟಲಿ ಹಿಡಿದುಕೊಂಡು ಬಂದಿದ್ದರು. ನಿಮಿಷಕ್ಕೊಂದು ಗುಟುಕು ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದರು, ಬಿಟ್ಟರೆ ಕಣ್ಣಲ್ಲಿ ನೀರು. ಆಗ ನನ್ನ ಜೊತೆಗಿದ್ದ ಕಣ್ಣೂರು ಕಡೆಯ ಕಿರಿಯ ವೈದ್ಯೆ ‘ನೀರುಂಡೋ?’ ಎಂದು ಕೇಳಿದರು. ಅವರು ಬಾಟಲಿ ಎತ್ತಿ ತೋರಿಸಿದರು. ಮಲಯಾಳದಲ್ಲಿ ನೀರು ಎಂದರೆ ಊತ ಎಂಬ ಅರ್ಥವೂ ಇದೆ. ಎಲ್ಲರಿಗೂ ನಗು ಬಂತು, ಪಾಪ, ಅವರೊಬ್ಬರಿಗೆ ನಗಲು ಆಗಲಿಲ್ಲ.

ನೋವು ತಾನಾಗಿಯೇ ನಿಂತಿದೆ. ಇನ್ನು ಚಿಕಿತ್ಸೆ ಬೇಡ ತಾನೇ?

ನನಗೆ ಅತ್ಯಂತ ತೊಂದರೆ ಕೊಡುವ ಪ್ರಶ್ನೆ ಇದು. ಏಕೆಂದರೆ ಉತ್ತರ ಕೇಳಿದವರಿಗೆ ನಾನು ವ್ಯಾಪಾರಕ್ಕಾಗಿ ಹೇಳುತ್ತಿದ್ದೇನೆ ಎನಿಸುತ್ತದೆ.

ಹುಳುಕು ಹಾಗೆಯೇ ಇದ್ದು ಒಂದು ವಾರ ಜೀವ ತೆಗೆದ ನೋವು ಒಂದು ಬೆಳಗ್ಗೆ ಸದ್ದಿಲ್ಲದೆ ಹೋಯಿತೆಂದರೆ ತಿರುಳು ಸತ್ತಿದೆ ಎಂದೇ ಮೊದಲು ಅನುಮಾನಿಸಬೇಕು. ನರವೇ ಸತ್ತ ಮೇಲೆ ನೋವನ್ನು ಹೇಳುವವರು ಯಾರು? ಸತ್ತ ತಿರುಳು ಒಳಗೆ ಕೊಳೆಯುತ್ತದೆ, ರೋಗಾಣುಗಳು ಬೇರಿನ ತುದಿಯನ್ನು ದಾಟಿ ಎಲುಬಿಗೆ ಇಳಿಯುತ್ತವೆ. ಎಕ್ಸ್-ರೇಯಲ್ಲಿ ಬೇರಿನ ತುದಿಗೆ ಒಂದು ಕಪ್ಪು ನೆರಳು ಕಾಣುತ್ತದೆ, ಅಲ್ಲಿ ಎಲುಬು ಕರಗಿದೆ ಎಂದು ಅರ್ಥ. ಇದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೌನವಾಗಿ ನಡೆಯಬಹುದು. ಕೆಲವರಿಗೆ ವಸಡಿನ ಮೇಲೆ ಸಣ್ಣ ಮೊಡವೆಯಂಥದ್ದು ಎದ್ದು, ಒಡೆದು, ಉಪ್ಪುಪ್ಪಾದ ಕೀವು ಬಂದು, ಮತ್ತೆ ಒಣಗುತ್ತದೆ. ನೋವಿಲ್ಲವೆಂದು ಅದನ್ನು ‘ಉಷ್ಣ’ ಎಂದು ಬಿಟ್ಟುಬಿಡುತ್ತಾರೆ. ಅದು ಒಳಗಿನ ಕೀವು ಹೊರಬರಲು ಮಾಡಿಕೊಂಡ ದಾರಿ. ದಾರಿ ಇರುವವರೆಗೆ ಒತ್ತಡ ಇಲ್ಲ, ಒತ್ತಡ ಇಲ್ಲದಾಗ ನೋವೂ ಇಲ್ಲ. ಆ ದಾರಿ ಮುಚ್ಚಿದ ದಿನ ಮುಖ ಊದಿಕೊಂಡು ಬರುತ್ತಾರೆ. ಅದು ಹೆಚ್ಚಾಗಿ ಮದುವೆಯ ಹಿಂದಿನ ದಿನ ಅಥವಾ ಭಾನುವಾರವೇ ಆಗಿರುತ್ತದೆ ಎಂಬುದು ನನ್ನ ಅನುಭವ, ವಿಜ್ಞಾನವಲ್ಲ.

ಆಂಟಿಬಯಾಟಿಕ್ ಕೊಟ್ಟರೆ ಸಾಲದೇ?

ಸಾಲದು. ಮಾತ್ರೆ ರಕ್ತದ ಮೂಲಕ ಹೋಗುವಂಥದ್ದು. ಸತ್ತ ತಿರುಳಿನೊಳಗೆ ರಕ್ತ ಹರಿಯುವುದೇ ಇಲ್ಲ. ಊತ ಹರಡುತ್ತಿದ್ದರೆ, ಜ್ವರ ಬಂದಿದ್ದರೆ ಚಿಕಿತ್ಸೆಯ ಜೊತೆಗೆ ಆಂಟಿಬಯಾಟಿಕ್ ಬೇಕಾಗುತ್ತದೆ. ಬರೀ ಹಲ್ಲುನೋವಿಗೆ ಅದರಿಂದ ಪ್ರಯೋಜನವಿಲ್ಲ. ಕಳೆದ ಬಾರಿ ಉಳಿದ ನಾಲ್ಕು ಮಾತ್ರೆಗಳನ್ನು ನುಂಗಿ ಬರುವವರಿಗೆ ಇನ್ನೊಂದು ಮಾತು: ಮುಂದೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡದಿರಬಹುದು.

ನೋವಿನ ಮಾತ್ರೆಯ ವಿಷಯ ಬೇರೆ. ಹಲ್ಲುನೋವಿಗೆ ಐಬುಪ್ರೊಫೇನ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಕೇಳದೆ ನುಂಗಬಾರದು. ಮಳೆಗಾಲದಲ್ಲಿ ಜ್ವರವೂ ಇದ್ದರೆ ಡೆಂಗಿ ಅಲ್ಲವೆಂದು ತಿಳಿಯುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಬೇಡ. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ತೂತಿನೊಳಗೆ ಇಟ್ಟರೆ ತಾತ್ಕಾಲಿಕವಾಗಿ ಹಿತ, ವಸಡಿಗೆ ಸವರಿದರೆ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಂಡು ವಸಡು ಬೆಳ್ಳಗೆ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಹಲ್ಲಿನ ಹುಳ ತೆಗೆಯುವವರಿದ್ದಾರಂತೆ?

ಹಲ್ಲಿನಲ್ಲಿ ಹುಳ ಇರುವುದಿಲ್ಲ. ಬದನೆ ಜಾತಿಯ ಕಾಡುಗಿಡದ ಬೀಜವನ್ನು ಕೆಂಡದ ಮೇಲೆ ಹಾಕಿ ಹೊಗೆ ಹಿಡಿದಾಗ ನೀರಿನಲ್ಲಿ ಬೀಳುವ ಬಿಳಿ ಎಳೆಗಳು ಆ ಬೀಜದೊಳಗಿನ ಮೊಳಕೆಗಳು. ಬೇಕಿದ್ದರೆ ಹಲ್ಲೇ ಇಲ್ಲದವರ ಬಾಯಿಗೆ ಹೊಗೆ ಹಿಡಿದು ನೋಡಿ, ಆಗಲೂ ‘ಹುಳ’ ಬೀಳುತ್ತದೆ.

ಚಿಕಿತ್ಸೆ ತುಂಬ ನೋಯುತ್ತದೆಯೇ? ನಿಜ ಹೇಳಿ.

ಇಂಜೆಕ್ಷನ್ನಿನ ಚುಚ್ಚುವಿಕೆ ಗೊತ್ತಾಗುತ್ತದೆ. ಆಮೇಲೆ ತುಟಿ, ನಾಲಿಗೆ ಮರಗಟ್ಟುತ್ತವೆ. ಹೆಚ್ಚಿನವರಿಗೆ ಅಷ್ಟೇ, ಅನೇಕರು ಕುರ್ಚಿಯಲ್ಲೇ ನಿದ್ದೆ ಮಾಡುತ್ತಾರೆ, ಮೂರು ರಾತ್ರಿ ನಿದ್ದೆ ಇಲ್ಲದೆ ಬಂದವರಲ್ಲವೇ.

ಆದರೆ ಎಲ್ಲರಿಗೂ ಹಾಗೆ ಎಂದರೆ ಸುಳ್ಳಾಗುತ್ತದೆ. ತೀರಾ ಊದಿಕೊಂಡ ಕೆಳಗಿನ ದವಡೆ ಹಲ್ಲಿನಲ್ಲಿ ಒಂದೇ ಇಂಜೆಕ್ಷನ್ ಕೆಲವೊಮ್ಮೆ ಸಾಲುವುದಿಲ್ಲ. ತುಟಿ ಮರಗಟ್ಟಿದ್ದರೂ ಹಲ್ಲು ಎಚ್ಚರವಾಗಿರುತ್ತದೆ. ಅಂಥಲ್ಲಿ ಹಲ್ಲಿನ ಪಕ್ಕಕ್ಕೆ ಇನ್ನೊಂದು ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ನೇರವಾಗಿ ತಿರುಳಿಗೇ ಒಂದು. ಈ ಕೊನೆಯದು ಕ್ಷಣಮಾತ್ರ ಚೆನ್ನಾಗಿಯೇ ನೋಯುತ್ತದೆ. ನೋವಾದರೆ ಎಡಗೈ ಎತ್ತಿ ಎಂದು ನಾನು ಮೊದಲೇ ಹೇಳಿರುತ್ತೇನೆ. ಕೈ ಎತ್ತದೆ ಸಹಿಸಿಕೊಂಡರೆ ಯಾರೂ ಬಹುಮಾನ ಕೊಡುವುದಿಲ್ಲ.

ಮುಗಿದ ಮೇಲೆ ಎರಡು ಮೂರು ದಿನ ಅಗಿಯುವಾಗ ಮೆಲುನೋವು ಇರುವುದು ಸಹಜ. ಮರಗಟ್ಟಿದ್ದು ಬಿಡಲು ಎರಡರಿಂದ ನಾಲ್ಕು ಗಂಟೆ ಬೇಕು. ಅಲ್ಲಿಯವರೆಗೆ ಏನನ್ನೂ ಅಗಿಯಬೇಡಿ. ಪೇಟೆಗೆ ಬಂದ ನೆಪದಲ್ಲಿ ನೇರವಾಗಿ ಹೋಟೆಲಿಗೆ ಹೋಗಿ ಬಿಸಿ ಚಹಾದಲ್ಲಿ ತುಟಿ ಸುಟ್ಟುಕೊಂಡು, ‘ನಿಮ್ಮ ಇಂಜೆಕ್ಷನ್ನಿನಿಂದ ಬೊಬ್ಬೆ ಬಂತು’ ಎಂದವರಿದ್ದಾರೆ.

ಕುರ್ಚಿಯಲ್ಲಿ ಮಲಗಿದ ಮೇಲೆ ಒಳಗೆ ಏನೇನು ನಡೆಯುತ್ತದೆ?

ಮರಗಟ್ಟಿದ ಮೇಲೆ ಹಲ್ಲಿನ ಸುತ್ತ ತೆಳುವಾದ ರಬ್ಬರ್ ಹಾಳೆಯೊಂದನ್ನು ಹಾಕುತ್ತೇವೆ. ಹಾಳೆಯ ತೂತಿನಿಂದ ಆ ಹಲ್ಲೊಂದೇ ಹೊರಗೆ ತಲೆ ಹಾಕಿರುತ್ತದೆ. 1864ರಲ್ಲಿ ಸ್ಯಾನ್‌ಫೋರ್ಡ್ ಬಾರ್ನಮ್ ಎಂಬ ಅಮೆರಿಕದ ದಂತವೈದ್ಯ ಬಳಕೆಗೆ ತಂದ ಉಪಾಯವಿದು. ಎಂಜಲು ಒಳಗೆ ಹೋಗಬಾರದು, ಸೂಜಿಯಂಥ ಉಪಕರಣ ಜಾರಿ ಗಂಟಲಿಗೆ ಬೀಳಬಾರದು, ಎರಡಕ್ಕೂ ಇದೇ ಕಾವಲು. ಇದನ್ನು ಹಾಕದೆ ಶುರು ಮಾಡಿದರೆ ಏಕೆಂದು ಕೇಳುವ ಹಕ್ಕು ನಿಮಗಿದೆ.

ಆಮೇಲೆ ಹುಳುಕನ್ನೆಲ್ಲ ಕೊರೆದು ತೆಗೆದು, ಮೇಲಿನಿಂದ ತಿರುಳಿನ ಕೋಣೆಗೆ ಬಾಗಿಲು ಮಾಡುತ್ತೇವೆ. ಕೋಣೆಯ ನೆಲದಲ್ಲಿ ನಾಳಗಳ ಬಾಯಿಗಳಿರುತ್ತವೆ. ಮುಂದಿನ ಹಲ್ಲಿಗೆ ಹೆಚ್ಚಾಗಿ ಒಂದೇ ನಾಳ, ದವಡೆ ಹಲ್ಲಿಗೆ ಮೂರು ಅಥವಾ ನಾಲ್ಕು. ಮೇಲಿನ ಮೊದಲ ದೊಡ್ಡ ದವಡೆ ಹಲ್ಲಿನ ನಾಲ್ಕನೆಯ ನಾಳ ನಮ್ಮ ತಾಳ್ಮೆ ಪರೀಕ್ಷಿಸುವಂಥದ್ದು. ಅದನ್ನು ಕಾಣದೆ ಬಿಟ್ಟರೆ ಉಳಿದ ಮೂರನ್ನು ಎಷ್ಟು ಚಂದ ಮಾಡಿದರೂ ರೋಗ ಅಲ್ಲಿಂದಲೇ ಮರಳುತ್ತದೆ.

ನಾಳವನ್ನು ಹಿಗ್ಗಿಸಿ ಸ್ವಚ್ಛ ಮಾಡುವ ತೆಳು ಉಪಕರಣಕ್ಕೆ ಫೈಲ್ ಎನ್ನುತ್ತೇವೆ. ಟ್ರೇಯಲ್ಲಿ ಬಣ್ಣಬಣ್ಣದ ಹಿಡಿಕೆಗಳ ಸಾಲು ಕಂಡು ಮಕ್ಕಳು ಆಟಿಕೆ ಎಂದುಕೊಳ್ಳುತ್ತಾರೆ. ನೇರಳೆ ಹಿಡಿಕೆಯದರ ತುದಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ದಪ್ಪ. ಬಿಳಿ ಅದಕ್ಕಿಂತ ತುಸು ದಪ್ಪ, ಆಮೇಲೆ ಹಳದಿ, ಕೆಂಪು, ನೀಲಿ, ಹಸಿರು, ಕಪ್ಪು. ಎಷ್ಟು ಆಳಕ್ಕೆ ಇಳಿಸಬೇಕೆಂದು ಅಳೆಯಲು ತುಟಿಗೆ ಒಂದು ಕೊಕ್ಕೆ ಸಿಕ್ಕಿಸಿ, ಫೈಲಿಗೆ ಒಂದು ತಂತಿ ಜೋಡಿಸುತ್ತೇವೆ. ಬೇರಿನ ತುದಿ ಹತ್ತಿರವಾದಂತೆ ಯಂತ್ರದ ಟಿಕ್ ಟಿಕ್ ವೇಗವಾಗುತ್ತದೆ. ಅದು ನಿಮ್ಮ ಹೃದಯದ ಬಡಿತವಲ್ಲ, ಹೆದರಬೇಡಿ. ತುದಿಗಿಂತ ಅರ್ಧ ಅಥವಾ ಒಂದು ಮಿಲಿಮೀಟರ್ ಹಿಂದೆಯೇ ನಿಲ್ಲುವುದು ನಮ್ಮ ಗುರಿ.

ನಡುನಡುವೆ ಮೂಗಿಗೆ ಬರುವ ವಾಸನೆ ನಿಮಗೆ ಪರಿಚಿತವೇ: ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನದ ವಾಸನೆ. ನಾಳ ತೊಳೆಯುವ ಸೋಡಿಯಂ ಹೈಪೊಕ್ಲೋರೈಟ್ ಅದರ ನಂಟ. ಫೈಲ್ ಮುಟ್ಟಲಾಗದ ಸಂದಿಗಳಲ್ಲಿ ರೋಗಾಣುಗಳನ್ನು ಕೊಂದು, ಸತ್ತ ತಿರುಳನ್ನು ಕರಗಿಸುವುದು ಈ ದ್ರವ. ಎಲ್ಲರೂ ಕೊರೆಯುವುದೇ ಚಿಕಿತ್ಸೆ ಎಂದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ತೊಳೆಯುವುದೇ ಚಿಕಿತ್ಸೆ, ಕೊರೆಯುವುದು ನೀರಿಗೆ ದಾರಿ ಮಾಡಿಕೊಡುವುದಕ್ಕೆ.

ಕೊನೆಗೆ ಒಣಗಿಸಿ, ಗಟ್ಟಾ ಪರ್ಚಾ ಎಂಬ ಗುಲಾಬಿ ಬಣ್ಣದ ಕಡ್ಡಿಯನ್ನು ಅಂಟಿನ ಜೊತೆ ತುಂಬುತ್ತೇವೆ. ಇದು ಮಲಯ ಕಡೆಯ ಮರವೊಂದರ ಹಾಲಿನಿಂದ ಬಂದದ್ದು. ನಮ್ಮ ಗುಡ್ಡಗಳ ರಬ್ಬರ್ ಹಾಲಿನಲ್ಲೂ ಇದರಲ್ಲೂ ಇರುವ ಮೂಲದ್ರವ್ಯ ಒಂದೇ, ಅಣುಗಳ ಜೋಡಣೆ ಮಾತ್ರ ಬೇರೆ. ಹಾಗಾಗಿ ರಬ್ಬರ್ ಎಳೆದರೆ ಹಿಗ್ಗುತ್ತದೆ, ಇದು ಬಿಸಿಗೆ ಮೆತ್ತಗಾಗಿ ತಣಿದಾಗ ಬಿಗಿಯಾಗುತ್ತದೆ. 19ನೇ ಶತಮಾನದಲ್ಲಿ ಸಮುದ್ರದ ತಳದಲ್ಲಿ ಹಾಸಿದ ಟೆಲಿಗ್ರಾಫ್ ಕೇಬಲ್‌ಗಳಿಗೂ ಇದನ್ನೇ ಹೊದಿಸುತ್ತಿದ್ದರು. ದಿನಾ ನಸುಕಿನಲ್ಲಿ ರಬ್ಬರ್ ಟ್ಯಾಪಿಂಗ್‌ಗೆ ಹೋಗುವ ಒಬ್ಬರಿಗೆ ಇದನ್ನು ಹೇಳಿದಾಗ, ‘ಅಂದರೆ ಇದಕ್ಕೂ ಮಳೆಗಾಲದಲ್ಲಿ ರಜೆಯೇ?’ ಎಂದು ಕೇಳಿದ್ದರು.

ಎಷ್ಟು ಸಲ ಬರಬೇಕು?

ಸರಳವಾಗಿದ್ದರೆ ಒಂದೇ ಸಲದಲ್ಲಿ ಮುಗಿಯುತ್ತದೆ. ಕೀವು ಸೋರುತ್ತಿದ್ದರೆ ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ಇಟ್ಟು, ತಾತ್ಕಾಲಿಕವಾಗಿ ಮುಚ್ಚಿ, ವಾರ ಬಿಟ್ಟು ಮತ್ತೆ ಕರೆಯುತ್ತೇವೆ.

ತೊಂದರೆ ಶುರುವಾಗುವುದು ಅಲ್ಲೇ. ಮೊದಲ ದಿನವೇ ತಿರುಳು ಹೊರಬಂದು ನೋವು ಹೋಗುತ್ತದೆ. ‘ಬರುವ ಬುಧವಾರ’ ಎಂದವರು ಅಡಿಕೆ ಸುಲಿಯುವ ಕೆಲಸ ಮುಗಿಸಿ, ಮಗಳ ಪರೀಕ್ಷೆ ಮುಗಿಸಿ, ಮೂರನೆಯ ತಿಂಗಳಿಗೆ ಬರುತ್ತಾರೆ. ತಾತ್ಕಾಲಿಕ ಸಿಮೆಂಟ್ ಅಷ್ಟು ದಿನ ಬಾಳುವಂಥದ್ದಲ್ಲ. ಅದು ಸೋರಿದರೆ ತೊಳೆದಿಟ್ಟ ನಾಳಕ್ಕೆ ಎಂಜಲು ಇಳಿದು, ನಾವು ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. 2020ರ ವಸಂತದಲ್ಲಿ ಕೊರೋನಾದಿಂದಾಗಿ ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನಲ್ಲಿ ಅರ್ಧ ಚಿಕಿತ್ಸೆ ಮಾಡಿಸಿಕೊಂಡವರು ಇತ್ತ ಸಿಕ್ಕಿಬಿದ್ದಿದ್ದರು. ಅವರಿಗೆ ಬೇರೆ ದಾರಿ ಇರಲಿಲ್ಲ, ತೆರೆದ ಮೇಲೆ ಹಲವರ ಹಲ್ಲನ್ನು ಮೊದಲಿನಿಂದ ಮಾಡಬೇಕಾಯಿತು. ಗಡಿ ತೆರೆದಿರುವಾಗಲೂ ಅದೇ ಸ್ಥಿತಿ ತಂದುಕೊಳ್ಳುವವರಿಗೆ ಏನು ಹೇಳಲಿ? ಸಿಮೆಂಟ್ ಸ್ವಲ್ಪ ಸವೆದರೆ ಚಿಂತೆಯಿಲ್ಲ, ಪೂರ್ತಿ ಬಿದ್ದರೆ ಅದೇ ದಿನ ಫೋನ್ ಮಾಡಿ.

ಕ್ಯಾಪ್ ಹಾಕಲೇಬೇಕೇ? ಈಗ ನೋವೇ ಇಲ್ಲವಲ್ಲ.

ಅಗಿಯುವ ಹಲ್ಲಾದರೆ ಹೆಚ್ಚಿನ ಸಂದರ್ಭಗಳಲ್ಲಿ ಹಾಕಲೇಬೇಕು. ಬೆಂಚಿನ ಮೇಲೆ ಹೇಳಿದ ಆ ಭಾವನ ಹಲ್ಲು ತುಂಡಾಗಿದ್ದೂ ಇದರಿಂದಲೇ ಇರಬೇಕು.

ನರ ತೆಗೆದ ಹಲ್ಲು ಒಣಗಿ ಪುಡಿಯಾಗುತ್ತದೆ ಎಂಬ ಮಾತಿದೆ. ಅದಕ್ಕಿಂತ ದೊಡ್ಡ ಕಾರಣ ಕಳೆದುಹೋದ ಗೋಡೆ. ಹುಳುಕು ಅರ್ಧ ತಿಂದಿರುತ್ತದೆ, ಬಾಗಿಲಿಗಾಗಿ ನಾವು ಇನ್ನಷ್ಟು ತೆಗೆದಿರುತ್ತೇವೆ. ಉಳಿದದ್ದು ನಡುವೆ ತುಂಬಿದ ನಾಲ್ಕು ತೆಳು ಗೋಡೆಗಳು. ಅಗಿಯುವ ಬಲ ಬಿದ್ದಾಗ ಅವು ಎರಡು ಬದಿಗೆ ಸರಿಯುತ್ತವೆ. ಸೌದೆಗೆ ಬೆಣೆ ಹೊಡೆದಂತೆ. ಕ್ಯಾಪ್ ಆ ಗೋಡೆಗಳನ್ನು ಸುತ್ತಲಿಂದ ಹಿಡಿದಿಡುವ ಪಟ್ಟಿ.

ನಮ್ಮ ಊರಿನ ಆಹಾರವೂ ಮೃದುವಲ್ಲ. ಕುಚ್ಚಲಕ್ಕಿ ಅನ್ನದಲ್ಲಿ ಸಿಗುವ ಒಂದು ಕಲ್ಲು, ಮಳೆಗಾಲಕ್ಕೆಂದು ಒಣಗಿಸಿಟ್ಟ ಹಲಸಿನ ಬೀಜದ ಸಾಂತಾಣಿ, ಗೋಟಡಿಕೆಯ ಹೋಳು ಸಾಕು. ಸಾಂತಾಣಿ ಕಚ್ಚಿದಾಗ ‘ಟಕ್’ ಎಂದದ್ದು ಬೀಜವೋ ಹಲ್ಲೋ ಎಂದು ಗೊತ್ತಾಗದೆ ಎರಡು ತುಂಡನ್ನೂ ಕಾಗದದಲ್ಲಿ ಕಟ್ಟಿಕೊಂಡು ಬಂದ ಅಜ್ಜಿಯೊಬ್ಬರಿದ್ದರು. ಬಿಚ್ಚಿ ನೋಡಿದರೆ ಬೀಜ ಇಡಿಯಾಗಿಯೇ ಇತ್ತು. ಎರಡು ತುಂಡೂ ಹಲ್ಲಿನದೇ. ಬೇರಿನವರೆಗೆ ಸೀಳಿತ್ತು, ಕೀಳದೆ ವಿಧಿ ಇರಲಿಲ್ಲ. ರೂಟ್ ಕೆನಾಲ್ ಅಚ್ಚುಕಟ್ಟಾಗಿಯೇ ಆಗಿತ್ತು. ಕ್ಯಾಪಿಗೆ ‘ದೀಪಾವಳಿ ಕಳೆಯಲಿ ಮಗಾ’ ಎಂದು ನನಗೆ ಎರಡು ದೀಪಾವಳಿ ಹೇಳಿದ್ದರು.

ಮುಗಿದ ಒಂದು ತಿಂಗಳೊಳಗೆ ಕ್ಯಾಪ್ ಆಗುವುದು ಒಳ್ಳೆಯದು. ಮುಂದಿನ ಹಲ್ಲಿನ ಹೆಚ್ಚಿನ ಭಾಗ ಗಟ್ಟಿಯಾಗಿ ಉಳಿದಿದ್ದರೆ ಬರೀ ಫಿಲ್ಲಿಂಗ್ ಸಾಕಾಗಬಹುದು. ಲೋಹದ ಮೇಲೆ ಪಿಂಗಾಣಿ ಹೊದಿಸಿದ್ದೋ ಜಿರ್ಕೋನಿಯಾವೋ ಎಂಬುದು ಎರಡನೆಯ ಮಾತು. ಕಾಣದ ಹಿಂದಿನ ಹಲ್ಲಿಗೆ ಲೋಹದ ಕ್ಯಾಪ್ ಹಾಕಿಸಿಕೊಂಡರೂ ನನ್ನ ಆಕ್ಷೇಪವಿಲ್ಲ.

ಇಷ್ಟೆಲ್ಲ ರಗಳೆಗಿಂತ ಕಿತ್ತು ಬಿಸಾಡುವುದೇ ವಾಸಿಯಲ್ಲವೇ?

ಕೆಲವೊಮ್ಮೆ ಹೌದು. ಬೇರು ಉದ್ದಕ್ಕೆ ಸೀಳಿದ್ದರೆ, ಹುಳುಕು ಎಲುಬಿನ ಕೆಳಗಿಳಿದು ಕ್ಯಾಪ್ ಹಿಡಿಯಲು ಏನೂ ಉಳಿಯದಿದ್ದರೆ, ವಸಡಿನ ರೋಗದಿಂದ ಹಲ್ಲು ಅಲುಗಾಡುತ್ತಿದ್ದರೆ ನಾನೇ ಬೇಡ ಎನ್ನುತ್ತೇನೆ. ಬುದ್ಧಿಹಲ್ಲಿಗೆ ಸಾಮಾನ್ಯವಾಗಿ ಈ ಶ್ರಮ ತಕ್ಕದ್ದಲ್ಲ.

ಉಳಿದಂತೆ ಲೆಕ್ಕ ಹಾಕಿ ನೋಡಿ. ಕಿತ್ತ ಜಾಗ ಹಾಗೆಯೇ ಬಿಟ್ಟರೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಉದ್ದಕ್ಕೆ ಇಳಿಯುತ್ತದೆ. ತುಂಬಿಸಲು ಇಂಪ್ಲಾಂಟ್, ಅಂದರೆ ಎಲುಬಿಗೆ ತಿರುಪು ಕೂರಿಸಿ ಹಲ್ಲು ಮಾಡಿದರೆ ಖರ್ಚು ಇದಕ್ಕಿಂತ ಹೆಚ್ಚು, ಬ್ರಿಡ್ಜ್, ಅಂದರೆ ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಹಲ್ಲು ಮಾಡಿದರೆ ಆಚೀಚೆಯ ಎರಡು ಒಳ್ಳೆಯ ಹಲ್ಲುಗಳನ್ನು ಅರೆಯಬೇಕು. ಚೆನ್ನಾಗಿ ಮಾಡಿ ಕ್ಯಾಪ್ ಹಾಕಿದ ಹಲ್ಲುಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ವರ್ಷಾನುಗಟ್ಟಲೆ ಬಾಳುತ್ತವೆ. ವಿಫಲವಾದರೆ ಮತ್ತೊಮ್ಮೆ ತೆರೆದು ಮಾಡಬಹುದು, ಅದೂ ಆಗದಿದ್ದರೆ ಬೇರಿನ ತುದಿಗೆ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಕೀಳುವುದು ಯಾವಾಗ ಬೇಕಾದರೂ ಆಗುವ ಕೆಲಸ.

ಹುಳುಕು ತಿರುಳನ್ನು ಈಗಷ್ಟೇ ಮುಟ್ಟಿದ್ದರೆ, ತಿರುಳಿನ ಮೇಲ್ಭಾಗ ಮಾತ್ರ ತೆಗೆದು ಔಷಧಯುಕ್ತ ಸಿಮೆಂಟ್ ಇಟ್ಟು ಉಳಿದದ್ದನ್ನು ಜೀವಂತ ಉಳಿಸುವ ವಿಧಾನವೂ ಈಗ ಚೆನ್ನಾಗಿ ಬೆಳೆದಿದೆ. ಬೇಗ ಬಂದವರಿಗೆ ಮಾತ್ರ ಸಿಗುವ ರಿಯಾಯಿತಿ ಅದು.

ಎಲೆ ಅಡಿಕೆ ಹಾಕುವವರಿಗೆ ಏನಾದರೂ ತೊಂದರೆ ಇದೆಯೇ?

ಅಡಿಕೆಯ ಊರಿನಲ್ಲಿ ಕುಳಿತು ಇದನ್ನು ಬರೆಯುವುದು ಸಂಕಟ. ನನ್ನ ಮನೆಯ ಅಂಗಳದಲ್ಲೂ ಅಡಿಕೆ ಒಣಗುತ್ತದೆ. ಆದರೂ ಕಂಡದ್ದನ್ನು ಹೇಳಬೇಕಲ್ಲ.

ದಶಕಗಳ ಕಾಲ ಅಡಿಕೆ ಅಗಿದ ಹಲ್ಲುಗಳ ಮೇಲ್ಮೈ ಸವೆದು ಬಟ್ಟಲಾಗಿರುತ್ತದೆ, ಸಣ್ಣ ಬಿರುಕುಗಳಿರುತ್ತವೆ. ಹುಳುಕೇ ಇಲ್ಲದೆ ಬಿರುಕಿನಿಂದಲೇ ತಿರುಳು ಸಾಯುವುದುಂಟು. ಇನ್ನೊಂದು ಇದಕ್ಕಿಂತ ಗಂಭೀರ: ಅಡಿಕೆಯಿಂದ ಕೆನ್ನೆಯ ಒಳಪದರ ಬಿಳಿಚಿಕೊಂಡು, ಹಗ್ಗದಂತೆ ಬಿಗಿದು, ಬಾಯಿ ತೆರೆಯುವುದು ಕಡಿಮೆಯಾಗುತ್ತ ಬರುತ್ತದೆ. ನಿಮ್ಮದೇ ಮೂರು ಬೆರಳನ್ನು ಜೋಡಿಸಿ ನೆಟ್ಟಗೆ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಎರಡೇ ಹೋದರೆ ತೋರಿಸಿಕೊಳ್ಳಿ. ಅಂಥ ಬಾಯಲ್ಲಿ ಹಿಂದಿನ ದವಡೆ ಹಲ್ಲಿಗೆ ಕೈ ತಲುಪುವುದೇ ಇಲ್ಲ, ಉಳಿಸಬಹುದಾದ ಹಲ್ಲನ್ನೂ ಕೀಳಬೇಕಾಗುತ್ತದೆ. ಈ ಬಿಗಿತ ಮುಂದೆ ಬಾಯಿಯ ಕ್ಯಾನ್ಸರಿಗೂ ತಿರುಗಬಹುದು. ತಂಬಾಕು ಸೇರದಿದ್ದರೂ ಅಡಿಕೆಯಷ್ಟೇ ಇದಕ್ಕೆ ಸಾಕು.

ಭತ್ತದ ಹೊಟ್ಟು ಸುಟ್ಟ ಉಮಿಕರಿಯಿಂದ ಉಜ್ಜುವ ಹಿರಿಯರಿಗೂ ಒಂದು ಮಾತು. ಹಲ್ಲು ಬೆಳ್ಳಗಾಗುತ್ತದೆ ನಿಜ, ವಸಡಿನ ಬುಡದಲ್ಲಿ ಕತ್ತಿಯಿಂದ ಕಡಿದಂತೆ ಗುಳಿಯೂ ಬೀಳುತ್ತದೆ.

ಮಕ್ಕಳ ಹಾಲುಹಲ್ಲಿಗೂ ಇದನ್ನು ಮಾಡುತ್ತಾರೆಯೇ? ಹೇಗೂ ಬಿದ್ದುಹೋಗುವ ಹಲ್ಲಲ್ಲವೇ?

ಹಿಂದಿನ ಹಾಲುಹಲ್ಲುಗಳು ಬೀಳುವುದು ಹತ್ತರಿಂದ ಹನ್ನೆರಡನೆಯ ವರ್ಷದಲ್ಲಿ. ಐದು ವರ್ಷದ ಮಗುವಿನದ್ದನ್ನು ಕಿತ್ತರೆ ಕೆಳಗಿರುವ ಶಾಶ್ವತ ಹಲ್ಲಿನ ಜಾಗಕ್ಕೆ ಪಕ್ಕದ್ದು ನುಗ್ಗುತ್ತದೆ. ಹಾಗಾಗಿ ತಿರುಳು ತೆಗೆದು, ಬೇರಿನ ಜೊತೆಗೇ ಕರಗುವ ಪೇಸ್ಟ್ ತುಂಬುತ್ತೇವೆ. ಗಟ್ಟಾ ಪರ್ಚಾ ಕರಗುವುದಿಲ್ಲವಾದ್ದರಿಂದ ಅದು ಬೇಡ.

ತಾಯಂದಿರು ಮೋಸ ಹೋಗುವುದು ಇನ್ನೊಂದು ಕಡೆ. ಆರನೆಯ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತದೆ. ಅದು ಶಾಶ್ವತ ಹಲ್ಲು. ‘ಹಾಲುಹಲ್ಲು ತಾನೇ’ ಎಂದು ಬಿಟ್ಟು, ಒಂಬತ್ತನೆಯ ವರ್ಷಕ್ಕೆ ಪೂರ್ತಿ ಹುಳುಕಾಗಿ ಬರುವ ಹಲ್ಲು ಹೆಚ್ಚಾಗಿ ಇದೇ. ಆ ವಯಸ್ಸಿಗೆ ಬೇರಿನ ತುದಿ ಇನ್ನೂ ಮುಚ್ಚಿರದಿದ್ದರೆ ಚಿಕಿತ್ಸೆ ಇನ್ನಷ್ಟು ಕಷ್ಟ.

ಸಕ್ಕರೆ ಕಾಯಿಲೆ, ಬಿಪಿ, ಹೃದಯದ ಮಾತ್ರೆ ಇರುವವರು ಮಾಡಿಸಬಹುದೇ? ಗರ್ಭಿಣಿಯರು?

ಮಾಡಿಸಬಹುದು. ತಿಂಡಿ ತಿಂದು, ದಿನದ ಮಾತ್ರೆ ನುಂಗಿಯೇ ಬನ್ನಿ, ಉಪವಾಸ ಬೇಡ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಹಲ್ಲಿಗಾಗಿ ನೀವಾಗಿ ನಿಲ್ಲಿಸಬೇಡಿ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು ಮೊದಲೇ ತಿಳಿಸಬೇಕು, ಮುಂಚಿತವಾಗಿ ಆಂಟಿಬಯಾಟಿಕ್ ಬೇಕಾಗಬಹುದು. ಎಲುಬಿನ ಸವೆತಕ್ಕೋ ಕ್ಯಾನ್ಸರಿಗೋ ಬಿಸ್ಫಾಸ್ಫೊನೇಟ್ ಇಂಜೆಕ್ಷನ್ ಪಡೆದವರಲ್ಲಿ ಹಲ್ಲು ಕಿತ್ತ ಗಾಯ ಒಣಗದೆ ದವಡೆ ಎಲುಬು ಕೊಳೆಯುವ ಅಪಾಯವಿದೆ, ಅವರಿಗೆ ಕೀಳುವುದಕ್ಕಿಂತ ರೂಟ್ ಕೆನಾಲ್ ಎಷ್ಟೋ ಮೇಲು. ಗರ್ಭಿಣಿಯರಿಗೆ ನಾಲ್ಕರಿಂದ ಆರನೆಯ ತಿಂಗಳು ಅನುಕೂಲ. ನೋವು, ಸೋಂಕು ತೀವ್ರವಾಗಿದ್ದರೆ ಯಾವ ತಿಂಗಳಾದರೂ ಕಾಯಬಾರದು.

ಚಿಕಿತ್ಸೆಯ ನಡುವೆ ಸೂಜಿ ಮುರಿದು ಒಳಗೇ ಉಳಿಯಿತಂತೆ, ಹೌದೇ?

ಆಗುತ್ತದೆ. ನನ್ನ ಕೈಯಲ್ಲೂ ಆಗಿದೆ. ಕೆಳಗಿನ ದವಡೆ ಹಲ್ಲು, ಕೊಕ್ಕೆಯಂತೆ ಬಾಗಿದ ಬೇರು. ಮುರಿಯುವಾಗ ಸದ್ದಾಗಲಿಲ್ಲ, ಹೊರಗೆ ತೆಗೆದ ಫೈಲ್ ಮೂರು ಮಿಲಿಮೀಟರ್ ಗಿಡ್ಡವಾಗಿತ್ತು ಅಷ್ಟೆ. ಐದು ನಿಮಿಷ ನನಗೆ ಮಾತು ಹೊರಡಲಿಲ್ಲ. ಆಮೇಲೆ ಎಕ್ಸ್-ರೇ ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ತುಂಡು ಉಕ್ಕಿನದಾಗಲಿ ನಿಕಲ್-ಟೈಟಾನಿಯಂನದಾಗಲಿ ಅದರಷ್ಟಕ್ಕೆ ವಿಷವಲ್ಲ. ಅದರ ಹಿಂದೆ ತೊಳೆಯದೆ ಉಳಿದ ನಾಳವೇ ಚಿಂತೆ. ಕೆಲವೊಮ್ಮೆ ತೆಗೆಯಬಹುದು, ಕೆಲವೊಮ್ಮೆ ಪಕ್ಕದಿಂದ ದಾಟಬಹುದು, ಕೆಲವೊಮ್ಮೆ ಹಾಗೆಯೇ ತುಂಬಿ ಗಮನಿಸುತ್ತ ಇರಬಹುದು. ಆ ಹಲ್ಲು ಇಂದಿಗೂ ಅಗಿಯುತ್ತಿದೆ. ಮುರಿದದ್ದನ್ನು ಮುಚ್ಚಿಡುವುದು ಮಾತ್ರ ತಪ್ಪು.

ಕಣ್ಣಿಗೆ ತೊಂದರೆ, ಕ್ಯಾನ್ಸರ್ ಬರುತ್ತದೆ ಎಂದೆಲ್ಲ ಹೇಳುತ್ತಾರಲ್ಲ?

ಇಲ್ಲ, ಎರಡೂ ಇಲ್ಲ. ರೂಟ್ ಕೆನಾಲ್ ಮಾಡಿದ ಹಲ್ಲು ಮೈಯಿಡೀ ರೋಗ ಹರಡುತ್ತದೆ ಎಂಬ ವಾದವನ್ನು 20ನೇ ಶತಮಾನದ ಆರಂಭದಲ್ಲಿ ವೆಸ್ಟನ್ ಪ್ರೈಸ್ ಎಂಬ ಅಮೆರಿಕದ ದಂತವೈದ್ಯ ಮುಂದಿಟ್ಟಿದ್ದ. ಅವನ ಪ್ರಯೋಗಗಳು ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ವಾಟ್ಸ್ಆ್ಯಪ್‌ಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಖರ್ಚಿನ ಬಗ್ಗೆ ಮೊದಲೇ ಏನೇನು ಕೇಳಿಟ್ಟುಕೊಳ್ಳಬೇಕು?

ಹೇಳಿದ ಮೊತ್ತದಲ್ಲಿ ಕ್ಯಾಪ್ ಸೇರಿದೆಯೇ? ಜಗಳವೆಲ್ಲ ಬರುವುದು ಇಲ್ಲಿಂದ. ಎಕ್ಸ್-ರೇ, ಒಳಗಿನ ಫಿಲ್ಲಿಂಗ್ ಸೇರಿದೆಯೇ ಎಂದೂ ಕೇಳಿ. ಸರಕಾರಿ ಆಸ್ಪತ್ರೆಗಳ ದಂತ ವಿಭಾಗಕ್ಕೆ ಹೋಗುವುದಾದರೆ ಅಲ್ಲಿ ರೂಟ್ ಕೆನಾಲ್ ಮಾಡುತ್ತಾರೆಯೇ ಎಂದು ವಿಚಾರಿಸಿ ಹೊರಡಿ. ದಂತ ಕಾಲೇಜುಗಳಲ್ಲಿ ಕಡಿಮೆ ಖರ್ಚಿಗೆ ಆಗುತ್ತದೆ, ಮಂಗಳೂರಿನಲ್ಲಂತೂ ಹಲವು ಇವೆ. ಆದರೆ ವಿದ್ಯಾರ್ಥಿಗಳು ಮಾಡುವುದರಿಂದ ಹೊತ್ತು ಹಿಡಿಯುತ್ತದೆ, ಬಸ್ಸಿನ ಓಡಾಟವನ್ನೂ ಲೆಕ್ಕಕ್ಕೆ ಸೇರಿಸಿ. ಹೆಚ್ಚಿನ ಆರೋಗ್ಯ ವಿಮೆಗಳು ದಾಖಲಾಗದೆ ಮಾಡಿಸುವ ಹಲ್ಲಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ.

ಒಪ್ಪಿಗೆ ಪತ್ರ ಮಲಯಾಳದಲ್ಲಿದೆ. ನನಗೆ ಓದಲು ಬರುವುದಿಲ್ಲ. ಸಹಿ ಹಾಕಿದರೆ ಸಾಕೇ?

ಓದಿ ಹೇಳಿಸಿಕೊಳ್ಳದೆ ಹಾಕಬೇಡಿ. ಯಾವ ಹಲ್ಲು, ಯಾವ ಚಿಕಿತ್ಸೆ, ಏನು ತೊಂದರೆ ಬರಬಹುದು, ಎಷ್ಟು ಖರ್ಚು ಎಂಬುದನ್ನು ನಿಮಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದು ವೈದ್ಯರ ಕರ್ತವ್ಯ, ಉಪಕಾರವಲ್ಲ. ನಮ್ಮಲ್ಲಿ ಕನ್ನಡದ ಪ್ರತಿ ಇದೆ. ಬೇರೆಡೆ ಹೋದಾಗ ನೆನಪಿರಲಿ: ‘ಪಲ್ಲಿನ್ ಕೇಡುಂಡ್’ ಎಂದರೆ ಹಲ್ಲು ಹುಳುಕಾಗಿದೆ ಎಂದಷ್ಟೇ, ನಿಮಗೆ ಕೇಡುಗಾಲ ಬಂದಿದೆ ಎಂದಲ್ಲ. ‘ಎಡುಕ್ಕಣಂ’ ಎಂದರೆ ಮಾತ್ರ ಎಚ್ಚರ, ಅದು ಹಲ್ಲು ತೆಗೆಯಬೇಕು ಎಂಬ ಮಾತು.

ಯಾವ ಲಕ್ಷಣ ಕಂಡರೆ ಬೆಳಗಾಗುವವರೆಗೆ ಕಾಯಬಾರದು?

ಊತ ದವಡೆಯ ಕೆಳಗೆ, ಕತ್ತಿನ ಕಡೆಗೆ ಇಳಿಯುತ್ತಿದ್ದರೆ, ನಾಲಿಗೆ ಮೇಲಕ್ಕೆ ಎತ್ತಿದಂತಾಗಿ ಎಂಜಲು ನುಂಗಲು ಕಷ್ಟವಾದರೆ, ಉಸಿರು ಕಟ್ಟಿದರೆ, ಊತದಿಂದ ಕಣ್ಣು ಮುಚ್ಚಿಕೊಂಡರೆ ಅಥವಾ ಊತದ ಜೊತೆಗೆ ಚಳಿಜ್ವರವಿದ್ದರೆ ದಂತ ಕ್ಲಿನಿಕ್ಕಿಗಲ್ಲ, ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಊತಕ್ಕೆ ಬಿಸಿ ಶಾಖ ಕೊಡಬೇಡಿ. ಗುಡ್ಡ ಹತ್ತುವಾಗ ಕೆಳದವಡೆ ನೋಯುತ್ತದೆ, ನಿಂತರೆ ಕಡಿಮೆಯಾಗುತ್ತದೆ, ಎದೆಯೂ ಬಿಗಿಯುತ್ತದೆ ಎಂದಾದರೆ ಅದು ಹಲ್ಲಿನದ್ದಲ್ಲದೆ ಹೃದಯದ ನೋವಾಗಿರಬಹುದು.

ಎಲ್ಲ ಮುಗಿಯಿತು. ಆ ಹಲ್ಲಿಗೆ ಇನ್ನು ಹುಳುಕು ಬರುವುದಿಲ್ಲ ತಾನೇ?

ಬರುತ್ತದೆ. ಕ್ಯಾಪಿನ ಅಂಚು ವಸಡನ್ನು ಸೇರುವ ಕಡೆ ಅನ್ನ ನಿಂತರೆ ಅಲ್ಲಿಂದಲೇ ಶುರುವಾಗುತ್ತದೆ. ಉಳಿದ ಹಲ್ಲುಗಳಂತೆಯೇ ದಿನಕ್ಕೆರಡು ಸಲ ಉಜ್ಜಿ. ವ್ಯತ್ಯಾಸ ಒಂದೇ: ಈ ಹಲ್ಲಿನೊಳಗೆ ಕೂಗಿ ಹೇಳುವ ನರವಿಲ್ಲ, ಹುಳುಕು ಆಳಕ್ಕೆ ಹೋದರೂ ಜುಮ್ಮೆನ್ನುವುದಿಲ್ಲ. ಆದ್ದರಿಂದ ಆರು ತಿಂಗಳಿಗೆ ಒಂದು ಎಕ್ಸ್-ರೇ, ಆಮೇಲೆ ವರ್ಷಕ್ಕೊಮ್ಮೆ. ಮೊದಲಿನ ಕಪ್ಪು ನೆರಳಿನ ಜಾಗದಲ್ಲಿ ಎಲುಬು ತುಂಬಿಕೊಂಡು ಬರುತ್ತಿದೆಯೇ ಎಂದು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಹಳೆಯ ಎಕ್ಸ್-ರೇ ಕವರನ್ನು ಮರೆಯದೆ ತನ್ನಿ.